ಗಾಡಿ ಪಯಣದ "ಅಸಲಿ ಡೈರಿ" ಅಂತ ಯಾರಾದ್ರೂ ಮಾರ್ತಿದ್ರೆ ಹುಷಾರು!

ಅಮೆರಿಕದಲ್ಲಿರೋ ಕನ್ನಡದವರಲ್ಲಿ ಹಳೇ ಪತ್ರ, ಹಳೇ ಪುಸ್ತಕ ಕೂಡಿಡೋ ಹುಚ್ಚಿರೋರು ದಯವಿಟ್ಟು ಓದಿ. ನನಗೆ 640 ಡಾಲರ್ ಪಂಗನಾಮ ಬಿದ್ದಿದೆ.

ಆನ್‌ಲೈನ್‌ನಲ್ಲಿ ಹಳೇ ವಸ್ತು ಮಾರೋ ಒಬ್ಬ ಹಾಕಿದ್ದ: "1852ರಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್‌ನಿಂದ ಆರೆಗಾನ್‌ಗೆ ಕಮಾನು ಗಾಡಿ ಜೊತೆ ಹೋದ 19ರ ಹುಡುಗಿಯ ಕೈಬರಹ. ಅಸಲಿ." ಆ ಕಾಲದಲ್ಲಿ ಹೊಸ ನೆಲ ಹುಡುಕಿ ಜನ ಗುಂಪುಗುಂಪಾಗಿ ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋಗ್ತಿದ್ದ, ಸುಮಾರು 3,200 ಕಿಲೋಮೀಟರ್ ದಾರಿ ಅದು. ಗಾಡಿ ತುಂಬ ಹಿಟ್ಟು, ಸಾಮಾನು, ಜನ ಬಹುಪಾಲು ನಡೆದೇ ಹೋಗ್ತಿದ್ರು. ಡೈರಿಯಲ್ಲಿ ಎಲ್ಲಾ ಇತ್ತು. ಬೈಸನ್ ಅನ್ನೋ ಅಲ್ಲಿನ ಕಾಡುಕೋಣದ ಒಣ ಸಗಣಿ ಆಯ್ದು ಒಲೆ ಹಚ್ಚಿದ್ದು, ಪ್ಲಾಟ್ ನದಿ ಹತ್ರ ಕಾಲರಾಕ್ಕೆ ತಂಗಿ ತೀರಿಕೊಂಡಿದ್ದು. ಕೊಳ್ಳೋ ಮುಂಚೆ ಅವನು ಫೋಟೋ ಕಳಿಸಿದ್ದೂ ಅದೇ ಪುಟದ್ದು. ಅತ್ತಿದ್ದೀನಿ ರೀ! ಯಜಮಾನರಿಗೂ ಓದಿ ಹೇಳಿ ಅಳಿಸಿದ್ದೀನಿ. ನೆನೆಸ್ಕೊಂಡ್ರೆ ಈಗ್ಲೂ ಮೈಯೆಲ್ಲಾ ಉರಿಯುತ್ತೆ.

ಮುಂದಿನ ಪುಟ: "ಫೋರ್ಟ್ ಲಾರಮಿ ತಲುಪಿದೆವು. ವಯೋಮಿಂಗ್‌ನಲ್ಲಿ ಗಾಳಿ ಜೋರು."

ವಯೋಮಿಂಗಾ? 1852ರಲ್ಲಾ? ಆ ಕೋಟೆ ಇರೋ ಸೀಮೆಗೆ ಆಗಿನ್ನೂ ಆ ಹೆಸರೇ ಬಂದಿರಲಿಲ್ಲ! ವಯೋಮಿಂಗ್ ಪ್ರಾಂತ್ಯ ಆಗಿದ್ದೇ 1868ರಲ್ಲಿ. ಕೈ ನಡುಗೋಕೆ ಶುರುವಾಯ್ತು. ಮಗನ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟು ನೋಡಿದೆ, ಪುಟಗಳೆಲ್ಲ ನೀಲಿಯಾಗಿ ಹೊಳೆದ್ವು. ಹಾಗೆ ಹೊಳೆಯೋ ಬಿಳುಪು ರಾಸಾಯನಿಕ ಕಾಗದಕ್ಕೆ ಬಂದಿದ್ದು 20ನೇ ಶತಮಾನದಲ್ಲಿ. ಅಂಚಿನ ಕಂದು ಬಣ್ಣ? ಟೀ ಡಿಕಾಕ್ಷನ್ ಇರ್ಬೇಕು, ಇನ್ನೇನು.

ಮಾರಿದವನಿಗೆ ಬರೆದು ಕೇಳಿದೆ. ಮೊದಲ ಉತ್ತರ: "ಹುಡುಗಿ ದೂರದೃಷ್ಟಿಯವಳು." ಪಕ್ಕದಲ್ಲಿ ಸ್ಮೈಲಿ. ಸ್ಮೈಲಿ! ಎರಡನೇದು: "ನಾವು ಅಸಲಿ ಅಂದಿಲ್ಲ, ಆ ಕಾಲದ ಶೈಲಿ ಅಂದಿದ್ವಿ." ಜಾಹೀರಾತಿಗೆ ಹೋಗಿ ನೋಡಿದ್ರೆ ನಿಜವಾಗ್ಲೂ "ಶೈಲಿ" ಅಂತಿದೆ. ರಾತ್ರೋರಾತ್ರಿ ತಿದ್ದಿದ್ದಾನೆ ಪುಣ್ಯಾತ್ಮ. ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ, "ಕಥೆ ನಿಮಗೆ ಇಷ್ಟ ಆಯ್ತಲ್ಲ ಮೇಡಂ?" ಕಥೆಯಂತೆ! ಆಮೇಲೆ ಉತ್ತರಾನೇ ಇಲ್ಲ.

ಕೊಳ್ಳೋ ಮುಂಚೆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಯಾರ ಮನೆಯಿಂದ, ಯಾರ ಕೈ ದಾಟಿ ಬಂತು ಅಂತ ಬರಹದಲ್ಲಿ ಕೇಳಿ. ಊರು, ಪ್ರಾಂತ್ಯದ ಹೆಸರು ಹುಟ್ಟಿದ ವರ್ಷ ನೋಡಿ. ಸಾವಿನ ಪುಟವನ್ನೇ ಮೊದಲು ತೋರಿಸೋನನ್ನ ನಂಬಲೇಬೇಡಿ.

ಮೊನ್ನೆ ಅವನದು ಹೊಸ ಜಾಹೀರಾತು ಬಂದಿದೆ. ಅದೇ ಚರ್ಮದ ರಟ್ಟು, ಅದೇ ಕೈಬರಹ. ಈ ಸಲ ಹುಡುಗಿಗೆ 17, ವರ್ಷ 1849, ಬೆಲೆ 700.