ಹಳೆಯ ಮಳೆಯ ಲೆಕ್ಕ: ಸಾಗುವಾನಿ ಉಂಗುರ, ನೀಲಗಿರಿಯ ಪೀಟ್, ಗುಹೆಯ ಸುಣ್ಣ

ನಮ್ಮ ದೇಶದಲ್ಲಿ ಮಳೆಯನ್ನು ಊರೂರಲ್ಲಿ ಅಳೆದು ಬರೆದಿಟ್ಟ ಲೆಕ್ಕ ಹೆಚ್ಚುಕಡಿಮೆ 150 ವರ್ಷದ್ದು. ಹವಾಮಾನ ಇಲಾಖೆ ಶುರುವಾದದ್ದೇ 1875ರಲ್ಲಿ. ಅಣೆಕಟ್ಟು, ಕಾಲುವೆ, ನೀರಿನ ಹಂಚಿಕೆ ಎಲ್ಲ ಈ ಸಣ್ಣ ಅವಧಿಯ ಮಳೆ ನೋಡಿಯೇ ಆಗಿವೆ. ಆದರೆ ಮುಂಗಾರಿಗೆ ಸಾವಿರಾರು ವರ್ಷಗಳ ಚರಿತ್ರೆ ಇದೆ. ಅದರಲ್ಲಿ ನಾವು ಯಾರೂ ಕಾಣದಂಥ ಬರಗಳೂ ಬಂದು ಹೋಗಿವೆ. ಅದನ್ನು ತಿಳಿಯಲು ಪ್ರಕೃತಿಯೇ ಬರೆದಿಟ್ಟ ದಾಖಲೆಗಳನ್ನು ಓದಬೇಕು.

ಭೂವಿಜ್ಞಾನ ನನ್ನ ಕಸುಬು. ದಕ್ಷಿಣ ಭಾರತದಲ್ಲಿ ಸಿಗುವ ಮೂರು ದಾಖಲೆಗಳ ಮೇಲೆ ಕೆಲಸ ಮಾಡಿದ್ದೇನೆ: ಸಾಗುವಾನಿ ಮರದ ಉಂಗುರ, ನೀಲಗಿರಿಯ ಪೀಟ್ ಮಣ್ಣು, ಸುಣ್ಣಕಲ್ಲಿನ ಗುಹೆಯಲ್ಲಿ ಬೆಳೆಯುವ ಸ್ಟಾಲಗ್ಮೈಟ್. ಮೂರನ್ನೂ ನಾನು ಒಂದೇ ಬಗೆಯ ಪ್ರಶ್ನೆ ಕೇಳಿ ನೋಡಿದೆ. ಎಷ್ಟು ಹಿಂದಕ್ಕೆ ಹೋಗಬಹುದು? ಕಾಲ ಎಷ್ಟು ನಿಖರ? ಹೇಳುವುದು ಮಳೆಯನ್ನೋ ಬೇರೆ ಏನನ್ನೋ? ಜೊತೆಗೆ ಒಂದು ಪರೀಕ್ಷೆ: ಹಳೇ ಮೈಸೂರಿನ ಹಿರಿಯರು ಧಾತು ಈಶ್ವರ ಬರ ಅಂತ ನೆನೆಯುತ್ತಿದ್ದ 1876ರಿಂದ 78ರ ಬರ ಅದರಲ್ಲಿ ಕಾಣುತ್ತದಾ?

ಸಾಗುವಾನಿಯಿಂದ ಶುರು ಮಾಡೋಣ. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಮರಗಳಲ್ಲಿ ಉಂಗುರ ಸ್ಪಷ್ಟವಾಗಿ ಕಾಣುವುದು ಅಪರೂಪ. ಸಾಗುವಾನಿ ಹಾಗಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಾಗುತ್ತದೆ. ಮಳೆ ಬರುವ ಹೊತ್ತಿಗೆ ದೊಡ್ಡ ದೊಡ್ಡ ರಂಧ್ರಗಳ ಒಂದು ಸಾಲು ಹಾಕಿ ಮತ್ತೆ ಬೆಳೆಯಲು ತೊಡಗುತ್ತದೆ. ಅಡ್ಡ ಕೊಯ್ದ ಬಿಲ್ಲೆಯನ್ನು ಒರಟು ಉಪ್ಪುಕಾಗದದಿಂದ ಶುರು ಮಾಡಿ ನಯವಾದ ಕಾಗದದ ತನಕ ಉಜ್ಜುತ್ತಾ ಹೋದರೆ ಆ ಸಾಲುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಸೂಜಿಮೊನೆಯಷ್ಟು ತೂತುಗಳು, ಅದರ ಆಚೆ ಬಿಗಿಯಾದ ಕಂದು ಮರ, ಮತ್ತೆ ತೂತುಗಳ ಸಾಲು. ಒಂದು ಸಾಲಿಂದ ಇನ್ನೊಂದಕ್ಕೆ ಒಂದು ವರ್ಷ.

ಮರವನ್ನು ಕಡಿಯಲೇಬೇಕು ಅಂತಿಲ್ಲ. ಟೊಳ್ಳು ಕೊಳವೆಯಂಥ ಬೈರಿಗೆಯಿಂದ ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಯೊಂದನ್ನು ತೆಗೆದರೆ ಸಾಕು, ಮರ ಬದುಕಿರುತ್ತದೆ. ಟಿಂಬರ್ ಡಿಪೋದಲ್ಲಿ ಬಿದ್ದ ದಿಮ್ಮಿಗಳಿಂದಲೂ ಬಿಲ್ಲೆ ಸಿಗುತ್ತದೆ. ಆದರೆ ಮರ ನಿಂತಿದ್ದ ಜಾಗ ಯಾವುದು ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ಅದನ್ನು ಬಳಸಬೇಡಿ. ಯಾಕೆ ಅಂದರೆ ನನ್ನ ಪರೀಕ್ಷೆಯ ಬರದ ವರ್ಷಗಳು ಗುಡ್ಡದ ನೆತ್ತಿಯ ಮರದಲ್ಲಿ ತೆಳ್ಳಗೆ, ಒತ್ತೊತ್ತಾಗಿ ಕಂಡವು. ಹಳ್ಳದ ಬದಿಯ ಮರದಲ್ಲಿ ಅವೇ ವರ್ಷಗಳ ಉಂಗುರ ಉಳಿದವುಗಳ ಹಾಗೇ ಇದ್ದವು. ಬೇರಿಗೆ ನೀರು ಸಿಕ್ಕ ಮರಕ್ಕೆ ಬರ ಗೊತ್ತೇ ಆಗುವುದಿಲ್ಲ. ಅದಕ್ಕೇ ಒಂದು ಮರ ನಂಬಿಕೊಂಡು ಏನೂ ಹೇಳಬಾರದು. ಹತ್ತಾರು ಮರಗಳ ಉಂಗುರಗಳನ್ನು ಒಂದಕ್ಕೊಂದು ತಾಳೆ ನೋಡಬೇಕು. ಒಂದೇ ವರ್ಷಕ್ಕೆ ಎರಡು ಉಂಗುರ ಬಿದ್ದಿದ್ದರೆ, ಒಂದು ವರ್ಷ ಉಂಗುರವೇ ಇಲ್ಲದಿದ್ದರೆ ಆಗಲೇ ಸಿಕ್ಕಿಬೀಳುತ್ತದೆ. ಎಳೆ ಮರ ಅಗಲ ಉಂಗುರ ಹಾಕುತ್ತದೆ, ಹಳೆ ಮರ ಸಣ್ಣದು. ಆ ವಯಸ್ಸಿನ ಪರಿಣಾಮವನ್ನೂ ಕಳೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೆ ವರ್ಷದ ಲೆಕ್ಕದಲ್ಲಿ ಸಾಗುವಾನಿಗೆ ಸಾಟಿ ಇಲ್ಲ. ಕೇರಳದ ಸಾಗುವಾನಿಯಿಂದ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 1481ರಿಂದ 2003ರ ತನಕ, ಅಂದರೆ 523 ವರ್ಷಗಳ ಸರಣಿ ಕಟ್ಟಿದ್ದಾರೆ. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವುದು) ಬಂದು ಮುಂಗಾರು ಸೊರಗಿದ ವರ್ಷಗಳಲ್ಲಿ ಉಂಗುರ ಕಿರಿದಾಗಿರುವುದು ಅದರಲ್ಲಿ ಕಂಡಿದೆ. ಅಡಚಣೆ ಒಂದೇ: ಅದಕ್ಕಿಂತ ಹಿಂದೆ ಹೋಗಲು ಅಷ್ಟು ಹಳೆಯ ಮರಗಳೇ ಉಳಿದಿಲ್ಲ.

ಪೀಟ್ ಇದಕ್ಕೆ ಪೂರ್ತಿ ವಿರುದ್ಧ. ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ನೀರು ನಿಂತು, ಹುಲ್ಲು ಗಿಡ ಪೂರ್ತಿ ಕೊಳೆಯದೆ ಕಪ್ಪಗೆ ಪದರ ಪದರವಾಗಿ ಕೂತಿರುತ್ತದೆ. ಕೈಯಿಂದ ಒತ್ತುವ ಮಣ್ಣಿನ ಬೈರಿಗೆ (ಆಗರ್) ಇದ್ದರೆ ಸಾಕು, ಮಾದರಿ ತೆಗೆಯುವುದು ಮೂರರಲ್ಲಿ ಇದೇ ಸುಲಭ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ಈ ಪೀಟ್‌ನ ಇಂಗಾಲದ ಐಸೋಟೋಪ್ (ಒಂದೇ ಮೂಲವಸ್ತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು) ಅಳೆದು 20,000 ವರ್ಷಗಳ ಕಥೆ ಹೇಳಿದರು. ಮರಗಿಡಗಳ ಇಂಗಾಲಕ್ಕೂ ಬಿಸಿಲುನಾಡಿನ ಹುಲ್ಲಿನ ಇಂಗಾಲಕ್ಕೂ ಐಸೋಟೋಪ್‌ನಲ್ಲಿ ದೊಡ್ಡ ವ್ಯತ್ಯಾಸ ಇದೆ. ಹಿಮಯುಗದ ಒಣ ಕಾಲದಲ್ಲಿ ಆ ಹುಲ್ಲು ಹೆಚ್ಚು, ಆಮೇಲೆ ಮಳೆ ಜೋರಾದಾಗ ಅದು ಹಿಂದೆ ಸರಿದದ್ದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೆ ಪೀಟ್ ಹೇಳುವುದು ಗಿಡಗಳ ಬಗ್ಗೆ, ಮಳೆಯ ಬಗ್ಗೆ ಅಲ್ಲ. ಮಳೆ ಅನ್ನುವುದು ನಾವು ಅದರಿಂದ ಊಹಿಸುವುದು. ಬೆಂಕಿ ಬಿದ್ದರೂ, ದನ ಮೇಯ್ದರೂ ಗಿಡ ಬದಲಾಗುತ್ತದೆ ಅಲ್ವಾ? ಕಾಲ ಗೊತ್ತುಮಾಡಲು ರೇಡಿಯೋಕಾರ್ಬನ್ (ಸತ್ತ ಗಿಡದಲ್ಲಿ ಕ್ಷಯಿಸುತ್ತಾ ಹೋಗುವ ಇಂಗಾಲ-14ರ ಲೆಕ್ಕ) ಒಂದೇ ಗತಿ, ಅದು ಸುಮಾರು 50,000 ವರ್ಷಕ್ಕೆ ಮುಗಿಯುತ್ತದೆ. ನಾನು ಬೆರಳಿನಿಂದ ಬಿಡಿಸಿ ನೋಡಿದ ತುಂಡುಗಳಲ್ಲಿ ಮೇಲಿನ ಹುಲ್ಲಿನ ಬಿಳಿ ಬೇರುಗಳು ಹಳೆಯ ಪದರದೊಳಕ್ಕೆ ಇಳಿದಿದ್ದವು. ಆ ಬೇರುಗಳನ್ನು ಚಿಮುಟದಿಂದ ಒಂದೊಂದಾಗಿ ಆರಿಸದೆ ಕಳಿಸಿದರೆ ವಯಸ್ಸು ಕಡಿಮೆ ಬರುತ್ತದೆ. ಧಾತು ಈಶ್ವರ ಬರ ಇಲ್ಲಿ ಕಾಣುವ ಮಾತೇ ಇಲ್ಲ. ಒಂದು ಬೆರಳಗಲದ ಮಣ್ಣಿನಲ್ಲಿ ಹಲವು ತಲೆಮಾರು ಬೆರೆತಿರುತ್ತವೆ.

ಇನ್ನು ಸ್ಟಾಲಗ್ಮೈಟ್. ನನ್ನ ಹೆಚ್ಚಿನ ಕಾಲ ಹೋಗಿರುವುದು ಇದರ ಜೊತೆಗೇ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯೊಳಗೆ ತೊಟ್ಟಿಕ್ಕಿದಾಗ ಆ ಅನಿಲ ಹಾರಿಹೋಗಿ ಸುಣ್ಣ ಉಳಿಯುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಕರೆ ಇದ್ದ ಹಾಗೆ, ಆದರೆ ಇಲ್ಲಿ ಸಾವಿರಾರು ವರ್ಷ, ಒಂದರ ಮೇಲೊಂದು. ಚಾವಣಿಯಿಂದ ಇಳಿಯುವುದು ಸ್ಟಾಲಕ್ಟೈಟ್, ನೆಲದಿಂದ ಏಳುವುದು ಸ್ಟಾಲಗ್ಮೈಟ್. ನಮಗೆ ಬೇಕಾದದ್ದು ನೆಲದ್ದು, ಅದರ ಪದರಗಳು ಸರಳವಾಗಿ ಮೇಲಕ್ಕೆ ಪೇರಿಸಿಕೊಂಡಿರುತ್ತವೆ.

ಇದರ ದೊಡ್ಡ ಬಲ ಕಾಲನಿರ್ಣಯ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಬಹುಮಟ್ಟಿಗೆ ಕರಗುವುದಿಲ್ಲ. ಹಾಗಾಗಿ ಹೊಸ ಪದರ ಹುಟ್ಟುವಾಗ ಅದರಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಯುರೇನಿಯಂ ಕ್ಷಯಿಸುತ್ತಾ ಥೋರಿಯಂ-230 ಸೇರುತ್ತಾ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಕ್ಕಿತು. ಶುದ್ಧವಾದ, ಯುರೇನಿಯಂ ಚೆನ್ನಾಗಿರುವ ಮಾದರಿ ಆದರೆ ಕೆಲವು ಸಾವಿರ ವರ್ಷ ಹಳೆಯ ಪದರಕ್ಕೂ ಹತ್ತಿಪ್ಪತ್ತು ವರ್ಷಗಳೊಳಗಿನ ತಪ್ಪಿನಲ್ಲಿ ಕಾಲ ಹೇಳಬಹುದು. ಚೀನಾದ ಗುಹೆಗಳ ಸ್ಟಾಲಗ್ಮೈಟ್‌ಗಳನ್ನು ಜೋಡಿಸಿ 2016ರಲ್ಲಿ 6,40,000 ವರ್ಷಗಳ ಏಷ್ಯಾ ಮುಂಗಾರಿನ ದಾಖಲೆ ಕೊಟ್ಟರು. ಮರಕ್ಕೂ ಪೀಟ್‌ಗೂ ಇದು ಕನಸಿನ ಮಾತು.

ಮಾದರಿಯನ್ನು ಉದ್ದಕ್ಕೆ ಸೀಳಿ ಹೊಳಪು ಕೊಟ್ಟಾಗ ಒಳಗೆ ಏನಿದೆ ಅಂತ ಗೊತ್ತಾಗುತ್ತದೆ. ನೀರು ಹರಿಯುವ ವಜ್ರದ ಗರಗಸದಡಿ ಹಾಲಿನಂಥ ಕೆಸರು ಸುರಿಯುತ್ತಿರುತ್ತದೆ. ತೊಳೆದು ನೋಡಿದರೆ ಬಿಳಿ, ಬೂದು, ಜೇನಿನ ಬಣ್ಣದ ಗೆರೆಗಳು. ನಾನು ಸೀಳಿದ ಒಂದು ಮುರುಕು ತುಂಡಿನ ನಡುವೆ ಕೆಮ್ಮಣ್ಣಿನ ಸಣ್ಣ ಪಟ್ಟಿ ಇತ್ತು. ಅದರ ಪಕ್ಕದ ಪುಡಿಗೆ ಬಂದ ವಯಸ್ಸು ಅದಕ್ಕಿಂತ ಕೆಳಗಿನ ಪದರಕ್ಕಿಂತ ಹಳೆಯದು! ಕೆಳಗಿನದು ಮೊದಲು ಹುಟ್ಟಿದ್ದು, ಹಾಗಾಗಿ ಇದು ಸಾಧ್ಯವಿಲ್ಲ. ಮಣ್ಣು ತನ್ನ ಜೊತೆ ಹೊರಗಿನ ಥೋರಿಯಂ ತಂದಿತ್ತು. ಯುರೇನಿಯಂ ಕ್ಷಯದಿಂದ ಹುಟ್ಟದ, ಮಣ್ಣಿನ ಜೊತೆಗೇ ಬರುವ ಥೋರಿಯಂ-232 ಎಷ್ಟಿದೆ ಅಂತ ನೋಡಿದರೆ ಈ ಕಲಬೆರಕೆ ಗೊತ್ತಾಗುತ್ತದೆ, ತಿದ್ದುಪಡಿಯನ್ನೂ ಮಾಡಬಹುದು. ಆದರೆ ತಿದ್ದಿದಷ್ಟೂ ನಿಖರತೆ ಹೋಗುತ್ತದೆ. ಕೊಳೆ ಇಲ್ಲದ ಪದರ ಹುಡುಕುವುದೇ ಜಾಣತನ.

ಮಳೆಯ ಸುಳಿವು ಸಿಗುವುದು ಆಮ್ಲಜನಕದಿಂದ. ದಂತವೈದ್ಯರ ಡ್ರಿಲ್‌ನಂಥದ್ದರಲ್ಲಿ ಪದರಪದರಕ್ಕೂ ಚಿಟಿಕೆಗಿಂತ ಕಡಿಮೆ ಪುಡಿ ತೆಗೆದು, ಫಾಸ್ಫಾರಿಕ್ ಆಮ್ಲ ಹಾಕಿ, ಹೊರಟ ಅನಿಲವನ್ನು ಐಸೋಟೋಪ್‌ಗಳನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಬಿಡುತ್ತೇವೆ. ಭಾರವಾದ ಆಮ್ಲಜನಕ-18 ಕಡಿಮೆ ಇದ್ದರೆ ಮುಂಗಾರು ಜೋರು, ಜಾಸ್ತಿ ಇದ್ದರೆ ಸೊರಗಿದೆ ಅನ್ನುವುದು ಪಾಠದ ಮಾತು. ನನ್ನ ತಕರಾರು ಇರುವುದು ಇಲ್ಲೇ. ಆಮ್ಲಜನಕ ಆ ಊರಿನ ಮಳೆಮಾಪಕ ಅಲ್ಲ. ಮೋಡ ಅರಬ್ಬೀ ಸಮುದ್ರದಿಂದ ಬಂತೋ ಬಂಗಾಳ ಕೊಲ್ಲಿಯಿಂದಲೋ, ದಾರಿಯಲ್ಲಿ ಎಷ್ಟು ಸುರಿಸಿತು, ಎಲ್ಲ ಅದರಲ್ಲಿ ಸೇರಿರುತ್ತದೆ. ಕೇರಳದ ಮಳೆನೀರನ್ನು ಅಳೆದವರಿಗೂ ಹೀಗೇ ಕಂಡಿದೆ: ಅಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅನ್ನುವುದಕ್ಕಿಂತ ಸುತ್ತಲಿನ ದೊಡ್ಡ ಮೋಡಗಳ ಚಟುವಟಿಕೆಯನ್ನು ಆಮ್ಲಜನಕ ಹೆಚ್ಚು ಅನುಸರಿಸುತ್ತದೆ. ಇಡೀ ಮುಂಗಾರಿನ ಬಲ ಕೇಳಿದರೆ ಇದು ಒಳ್ಳೆಯ ಸಾಕ್ಷಿ. ನಮ್ಮ ತಾಲೂಕಿನಲ್ಲಿ ಎಷ್ಟು ಮಳೆ ಅಂತ ಕೇಳಿದರೆ ಅಲ್ಲ.

ನನ್ನ ಪರೀಕ್ಷೆಯ ಬರ? ಮಬ್ಬಾಗಿ ಮಾತ್ರ. ಗುಹೆಯ ಮೇಲಿನ ಬಂಡೆಯ ಬಿರುಕುಗಳಲ್ಲಿ ಹಲವು ವರ್ಷದ ನೀರು ಬೆರೆತು ಆಮೇಲೆ ತೊಟ್ಟಿಕ್ಕುತ್ತದೆ. ಒಂದೆರಡು ವರ್ಷದ ಬರ ಅದರಲ್ಲಿ ಕರಗಿಹೋಗುತ್ತದೆ. ಅದೇ ಬರ 20, 30 ವರ್ಷ ಎಳೆದರೆ ಸ್ಟಾಲಗ್ಮೈಟ್ ಬಿಡುವುದಿಲ್ಲ. ಛತ್ತೀಸ್‌ಗಢದ ದಂಡಕ ಗುಹೆಯ ದಾಖಲೆಯಲ್ಲಿ 14, 15ನೇ ಶತಮಾನಗಳಲ್ಲಿ ಹೀಗೆ ದಶಕಗಟ್ಟಲೆ ಮುಂಗಾರು ಸೊರಗಿದ್ದು ಕಾಣುತ್ತದೆ. ದಖ್ಖನ್ನಿನ ದುರ್ಗಾದೇವಿ ಬರ ಅಂತ ಚರಿತ್ರೆಯಲ್ಲಿ ಓದುವುದು ಅದೇ ಕಾಲದ್ದು. ಮಳೆಮಾಪಕದ 150 ವರ್ಷದಲ್ಲಿ ಅಂಥ ಉದ್ದನೆಯ ಬರ ನಾವು ನೋಡೇ ಇಲ್ಲ. ಈ ಒಂದು ವಿಷಯಕ್ಕೇ ಗುಹೆಗಳನ್ನು ಓದಬೇಕು ಅನ್ನುತ್ತೇನೆ.

ಹಾಗಂತ ಒಂದೇ ತುಂಡನ್ನು ನಂಬಿದರೆ ಆಗದು. ಮೇಘಾಲಯದ ಮಾಮ್ಲೂ ಗುಹೆಯ ಒಂದು ಸ್ಟಾಲಗ್ಮೈಟ್ ಆಧಾರದ ಮೇಲೆ 2018ರಲ್ಲಿ ಈಗಿನ ಭೂಯುಗಕ್ಕೆ ಮೇಘಾಲಯನ್ ಅಂತಲೇ ಹೆಸರಿಟ್ಟರು. ಸುಮಾರು 4,200 ವರ್ಷದ ಹಿಂದಿನ ಬದಲಾವಣೆ ಅದರ ಗಡಿ. ಆಮೇಲೆ ಅದೇ ಗುಹೆಯ ಬೇರೆ ಸ್ಟಾಲಗ್ಮೈಟ್‌ಗಳನ್ನು ಇನ್ನೂ ಒತ್ತಾಗಿ ಅಳೆದಾಗ ಒಂದೇ ಉದ್ದನೆಯ ಬರದ ಬದಲು ಬಿಡಿಬಿಡಿಯಾಗಿ ಕೆಲವು ದಶಕಗಳ ಬರ ಕಂಡವು. ಒಂದೇ ಚಾವಣಿಯಡಿ ಬೆಳೆದವು ಇವು! ಎರಡು ಸ್ಟಾಲಗ್ಮೈಟ್ ಒಂದೇ ಮಾತು ಹೇಳುವ ತನಕ ನಾನು ಗ್ರಾಫ್ ಯಾರಿಗೂ ತೋರಿಸುವುದಿಲ್ಲ. ಒಂದೇ ಪದರದ ನಡುವೆಯೂ ಅಂಚಿನಲ್ಲೂ ಪುಡಿ ತೆಗೆದು ನೋಡುವುದನ್ನೂ ಬಿಡುವುದಿಲ್ಲ. ಅಂಚಿನ ಕಡೆ ಆಮ್ಲಜನಕ-18ರ ಪ್ರಮಾಣ ಏರುತ್ತಾ ಹೋದರೆ ನೀರು ಅಲ್ಲೇ ಆವಿಯಾಗಿದೆ, ಅದು ಮಳೆಯ ಸುದ್ದಿ ಅಲ್ಲ.

ಹಾಗಾದರೆ ಯಾವುದು? ಕಳೆದ ಮುನ್ನೂರು, ನಾನೂರು ವರ್ಷಗಳಲ್ಲಿ ಯಾವ ವರ್ಷ ಮಳೆ ಕೈಕೊಟ್ಟಿತು ಅಂತ ಬೇಕಾದರೆ ಕಣ್ಣುಮುಚ್ಚಿ ಸಾಗುವಾನಿ. ಹಿಮಯುಗ ಮುಗಿದಾಗ ಬೆಟ್ಟದ ಹಸಿರು ಹೇಗೆ ಬದಲಾಯಿತು ಅನ್ನುವುದಕ್ಕೆ ಪೀಟ್. ದಶಕದಿಂದ ಹಿಡಿದು ಲಕ್ಷ ವರ್ಷದ ತನಕ ಮುಂಗಾರಿನ ಏರಿಳಿತಕ್ಕೆ ಸ್ಟಾಲಗ್ಮೈಟ್. ಒಂದನ್ನೇ ಆರಿಸು ಅಂದರೆ ನನ್ನ ಓಟು ಸ್ಟಾಲಗ್ಮೈಟ್‌ಗೆ. ಕಾಲ ಸರಿ ಇದ್ದರೆ ಅರ್ಥದ ಬಗ್ಗೆ ಮುಂದೆಯೂ ಚರ್ಚೆ ಮಾಡಬಹುದು. ಕಾಲವೇ ತಪ್ಪಿದ್ದರೆ ಚರ್ಚಿಸಲು ಏನಿದೆ?

ಕರ್ನಾಟಕದಲ್ಲಿ ಈ ಕೆಲಸಕ್ಕೆ ಬುನಾದಿ ಆಗಲೇ ಬಿದ್ದಿದೆ. ಉತ್ತರ ಕನ್ನಡದ ಅಕಲಗವಿ ಗುಹೆಯ ಸ್ಟಾಲಗ್ಮೈಟ್‌ನ ಪದರಗಳನ್ನು ಎಣಿಸಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಯಾದವ, ರಮೇಶ್ ಮತ್ತು ಜೊತೆಗಾರರು 331 ವರ್ಷಗಳ ಮಳೆಯ ಕಥೆಯನ್ನು 2004ರಲ್ಲಿ ಪ್ರಕಟಿಸಿದರು. ಆ ಅವಧಿ ಪೂರ್ತಿ ಸಾಗುವಾನಿ ಸರಣಿಯ ಒಳಗೇ ಬರುತ್ತದೆ. ಅದೇ ಜಿಲ್ಲೆಯ ಕಾಡಿನ ಸಾಗುವಾನಿಯನ್ನೂ ಗುಹೆಯ ಪದರವನ್ನೂ ಅಕ್ಕಪಕ್ಕ ಇಟ್ಟು ತಾಳೆ ಮಾಡಿದರೆ ಆಮ್ಲಜನಕ ನಮ್ಮ ಘಟ್ಟದಲ್ಲಿ ನಿಜವಾಗಿ ಏನು ಹೇಳುತ್ತಿದೆ ಅಂತ ಪರೀಕ್ಷಿಸಬಹುದು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಮರದ ತೂತು ಮುಚ್ಚಿಕೊಳ್ಳುತ್ತದೆ. ಮುರಿದ ಸ್ಟಾಲಗ್ಮೈಟ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬೆಳೆಯುವುದಿಲ್ಲ. ದಾಂಡೇಲಿ ಹತ್ತಿರದ ಕವಳಾ ಗುಹೆಯಲ್ಲಿ ಜನ ಶಿವಲಿಂಗವೆಂದು ಪೂಜಿಸುವುದೂ ಇಂಥದ್ದನ್ನೇ, ಅದನ್ನು ಯಾರೂ ಮುಟ್ಟಬಾರದು. ನಾನು ಮಾದರಿಗೆ ಹುಡುಕುವುದು ಆಗಲೇ ಮುರಿದು ಬಿದ್ದ ತುಂಡುಗಳನ್ನು, ಅರಣ್ಯ ಇಲಾಖೆಯ ಅನುಮತಿ ಪಡೆದು. ಅದಕ್ಕೂ ಮೊದಲು ತೊಟ್ಟಿಕ್ಕುವ ನೀರನ್ನು ಒಂದೆರಡು ಮಳೆಗಾಲ ಬಾಟಲಿಯಲ್ಲಿ ಹಿಡಿದು ಅಳೆಯಬೇಕು. ಆ ನೀರಿಗೂ ಹೊರಗಿನ ಮಳೆಗೂ ಸಂಬಂಧವೇ ಕಾಣದಿದ್ದರೆ ಆ ಗುಹೆಯ ಸುಣ್ಣವನ್ನು ಸೀಳುವ ಅಗತ್ಯವೇ ಇಲ್ಲ.