ಹಳದಿ ಜರ್ಸಿಯನ್ನು ಮೂರು ರೀತಿ ಎಣಿಸಿ ನೋಡಿದೆ

ಟೂರ್ ಡಿ ಫ್ರಾನ್ಸ್‌ನಲ್ಲಿ ಸೈಕಲ್ ಪಟು ಎಡ್ಡಿ ಮರ್ಕ್ಸ್ ಎಷ್ಟು ದಿನ ಹಳದಿ ಜರ್ಸಿಯಲ್ಲಿ, ಅಂದರೆ ರೇಸ್‌ನಲ್ಲಿ ಮುಂದಿರುವವರು ತೊಡುವ ಜರ್ಸಿಯಲ್ಲಿ, ಇದ್ದರು? ಒಂದು ಪಟ್ಟಿ 96 ಅನ್ನುತ್ತದೆ, ಇನ್ನೊಂದು 111. ತಮಾಷೆಯೆಂದರೆ ಎರಡೂ ಸರಿ. ಈ 15 ಎಲ್ಲಿಂದ ಬಂತು ಅಂತ ನೋಡೋಣ ಎಂದು ಸ್ಟೇಜ್‌ಗಳ (ರೇಸ್‌ನ ಒಂದೊಂದು ಹಂತದ) ಫಲಿತಾಂಶಗಳನ್ನೆಲ್ಲ ಎಕ್ಸೆಲ್ ಶೀಟಿಗೆ ಹಾಕಿಕೊಂಡು ಕೂತೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು. ಟೂರ್ ಮುಗಿಯೋದಕ್ಕೂ ಅಷ್ಟೇ ಬೇಕು, ಅಲ್ವಾ!

ಮೊದಲು ಜರ್ಸಿ ಲೆಕ್ಕ ಹಾಕಿದೆ. ಪ್ರತಿ ಸ್ಟೇಜ್ ಮುಗಿದ ಮೇಲೆ ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರಿಗೆ ಒಂದು ಜರ್ಸಿ, ಒಂದು ಅಂಕಿ. ಎಣಿಸಲು ಸುಲಭ. ಆದರೆ ಹಿಂದೆ ಒಂದೇ ದಿನ ಎರಡು, ಕೆಲವೊಮ್ಮೆ ಮೂರು ತುಂಡು ಸ್ಟೇಜ್ ಇರುತ್ತಿದ್ದವು. ಮರ್ಕ್ಸ್‌ಗೆ 111 ಬಂದಿದ್ದು ಹೀಗೆ. ಬರ್ನಾರ್ಡ್ ಇನೊ ಕೂಡ ಈ ಲೆಕ್ಕದಲ್ಲಿ 79, ದಿನ ಎಣಿಸಿದರೆ 75. ತುಂಡು ಸ್ಟೇಜ್ ನಿಂತ ಮೇಲೆ ಬಂದ ಕ್ರಿಸ್ ಫ್ರೂಮ್‌ಗೆ ಹೇಗೆ ಎಣಿಸಿದರೂ 59. ಹಳಬರಿಗೆ ಬೋನಸ್ ಕೊಟ್ಟ ಹಾಗಾಯಿತು. ನನಗೆ ಈ ಲೆಕ್ಕ ಹಿಡಿಸಲಿಲ್ಲ.

ಎರಡನೆಯದು ದಿನದ ಲೆಕ್ಕ. ದಿನಕ್ಕೆ ಒಂದೇ ಅಂಕಿ. ಬೇರೆ ಬೇರೆ ಕಾಲದವರನ್ನು ಅಕ್ಕಪಕ್ಕ ಇಟ್ಟು ನೋಡಲು ಇದೇ ವಾಸಿ. ಫೇಬಿಯನ್ ಕಾನ್ಸೆಲಾರ ಒಮ್ಮೆಯೂ ಟೂರ್ ಗೆಲ್ಲದೆ 29 ದಿನ ಹಳದಿಯಲ್ಲಿದ್ದರು ಅನ್ನೋದು ಈ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್‌ಗೆ 22 ಮಾತ್ರ. ಆದರೂ ಗೋಜಲು ತಪ್ಪಲಿಲ್ಲ. 1929ರಲ್ಲಿ ಬೋರ್ಡೊ ತಲುಪಿದಾಗ ಮೂವರ ಸಮಯ ಒಂದೇ ಆಗಿತ್ತು, ಮೂವರಿಗೂ ಹಳದಿ ಸಿಕ್ಕಿತು. ದಿನ ಒಂದು, ಅಂಕಿ ಮೂರು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ 83 ದಿನ ಇನ್ನೊಂದು ತಲೆನೋವು. ಡೋಪಿಂಗ್ ಕಾರಣಕ್ಕೆ 2012ರಲ್ಲಿ ಅವರ ಏಳು ಗೆಲುವುಗಳನ್ನೂ ಕಿತ್ತುಹಾಕಿದರು. ನಾನೂ ಅಳಿಸಿದೆ. ಶೀಟಿನಲ್ಲಿ ದೊಡ್ಡ ತೂತು ಬಿದ್ದ ಹಾಗೆ ಕಾಣುತ್ತದೆ.

ಮೂರನೆಯದಕ್ಕೆ ನಾನೇ ಇಟ್ಟ ಹೆಸರು ಮೈಮೇಲಿನ ಲೆಕ್ಕ. ಸಂಜೆ ಪೋಡಿಯಂ ಮೇಲೆ ತೊಟ್ಟದ್ದು ಲೆಕ್ಕಕ್ಕಿಲ್ಲ. ಹಳದಿ ತೊಟ್ಟು ರಸ್ತೆಯಲ್ಲಿ ಎಷ್ಟು ಸ್ಟೇಜ್ ಸೈಕಲ್ ತುಳಿದರು, ಅಷ್ಟು ಮಾತ್ರ. ಸುಮ್ನೆ ಕುತೂಹಲಕ್ಕೆ ಶುರು ಮಾಡಿದ್ದು, ಕೊನೆಗೆ ಜಾಸ್ತಿ ಹೊತ್ತು ಕೂತಿದ್ದು ಇದರ ಮುಂದೆಯೇ.

1989 ನೋಡಿ. ಲೆಮಾಂಡ್ ಮತ್ತು ಲೊರಾಂ ಫಿನ್ಯೋ ಮೂರು ವಾರ ಜರ್ಸಿಯನ್ನು ಕಿತ್ತಾಡಿಕೊಂಡರು. ಕೊನೆಯ ದಿನ ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ತುಳಿದು ಸಮಯ ಅಳೆಯುವ ಸ್ಟೇಜ್. ಫಿನ್ಯೋ 50 ಸೆಕೆಂಡ್ ಮುಂದಿದ್ದರು, 8 ಸೆಕೆಂಡ್‌ನಿಂದ ಸೋತರು. ದಿನದ ಲೆಕ್ಕದಲ್ಲಿ ಫಿನ್ಯೋ 9, ಲೆಮಾಂಡ್ 8. ಸೋತವರಿಗೇ ಒಂದು ಜಾಸ್ತಿ! ಮೈಮೇಲಿನ ಲೆಕ್ಕದಲ್ಲಿ ಫಿನ್ಯೋ ಹಾಗೇ 9, ಲೆಮಾಂಡ್ 7ಕ್ಕೆ ಇಳಿಯುತ್ತಾರೆ. ಕೊನೆಯ ಜರ್ಸಿ ತೊಟ್ಟು ತುಳಿಯಲು ಮರುದಿನವೇ ಇರಲಿಲ್ಲವಲ್ಲ.

2020ರಲ್ಲಿ ಈ ಅಂತರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಪ್ರಿಮೋಜ್ ರೊಗ್ಲಿಚ್ 11 ದಿನ ಹಳದಿಯಲ್ಲಿದ್ದರು. 20ನೇ ಸ್ಟೇಜ್‌ನ ಟೈಮ್ ಟ್ರಯಲ್ ಶುರುವಾದಾಗ ತಡೇ ಪೊಗಾಚರ್ 57 ಸೆಕೆಂಡ್ ಹಿಂದೆ, ಮುಗಿದಾಗ 59 ಸೆಕೆಂಡ್ ಮುಂದೆ. ಪೊಗಾಚರ್‌ಗೆ ಸಿಕ್ಕಿದ್ದು ಎರಡು ಜರ್ಸಿ, ತೊಟ್ಟು ತುಳಿದದ್ದು ಒಂದೇ ಸ್ಟೇಜ್. 1968ರಲ್ಲಿ ಯಾನ್ ಯಾನ್ಸನ್ ಅದನ್ನೂ ಮಾಡಲಿಲ್ಲ. ಕೊನೆಯ ದಿನದ ಟೈಮ್ ಟ್ರಯಲ್‌ನಲ್ಲಿ ಮುಂದೆ ಬಂದು 38 ಸೆಕೆಂಡ್‌ನಿಂದ ಗೆದ್ದರು. ನನ್ನ ಶೀಟಿನಲ್ಲಿ ಆ ವರ್ಷದ ವಿಜೇತರ ಮುಂದೆ ಇರೋದು ಸೊನ್ನೆ. 1947ರ ಜಾನ್ ರೋಬಿಕ್ ಮುಂದೆಯೂ ಅದೇ.

ಹಾಗಾಗಿ ಒಬ್ಬರ ಇಡೀ ವೃತ್ತಿಜೀವನ ಅಳೆಯಲು ದಿನದ ಲೆಕ್ಕ ಇಟ್ಟುಕೊಂಡೆ. ಒಂದು ವರ್ಷದ ರೇಸ್ ಹೇಗೆ ನಡೆಯಿತು ಅಂತ ತಿಳಿಯಬೇಕಾದರೆ ಮೈಮೇಲಿನ ಲೆಕ್ಕ ತೆರೆಯುತ್ತೇನೆ. ಜರ್ಸಿ ಲೆಕ್ಕದ ಕಾಲಂ ಅಳಿಸಿಬಿಟ್ಟೆ.

ಒಂದೇ ಕಡೆ ಇನ್ನೂ ಕೈ ತಡೆಯುತ್ತದೆ. 1971ರಲ್ಲಿ ಲೂಯಿಸ್ ಒಕಾನ್ಯಾ ಏಳು ನಿಮಿಷಕ್ಕೂ ಹೆಚ್ಚು ಮುಂದಿದ್ದರು. ಮಳೆಯಲ್ಲಿ ಕೋಲ್ ಡಿ ಮಾಂಟೆ ಇಳಿಯುವಾಗ ಬಿದ್ದು ರೇಸ್‌ನಿಂದಲೇ ಹೊರಬಿದ್ದರು. ಮುನ್ನಡೆ ಮರ್ಕ್ಸ್‌ಗೆ ಬಂತು. ಆದರೆ ಮರುದಿನ ಅವರು ಹಳದಿ ತೊಡಲು ಒಪ್ಪಲಿಲ್ಲ. ದಿನದ ಕಾಲಂನಲ್ಲಿ 1 ಹಾಕಿದ್ದೇನೆ. ಪಕ್ಕದ ಮೈಮೇಲಿನ ಲೆಕ್ಕದ ಕಾಲಂನಲ್ಲಿ ಮೊದಲು 0 ಹಾಕಿದೆ, ಆಮೇಲೆ ತೆಗೆದೆ. ಸದ್ಯಕ್ಕೆ ಖಾಲಿ ಇದೆ.