ಬರ್ಗರ್ ರುಚಿ, ಸೇವೆ ಕಹಿ: ಕೂತು ತಿನ್ನಬೇಕೋ, ಪಾರ್ಸೆಲ್ಲೋ, ಡೆಲಿವರಿಯೋ?

ಒಂದು ಹೋಟೆಲಿನ ಬರ್ಗರ್ ಚೆನ್ನಾಗಿದೆ, ಆದರೆ ಅಲ್ಲಿನವರು ಮುಖ ಕೊಟ್ಟು ಮಾತಾಡುವುದಿಲ್ಲ, ಹೋಗೋದೋ ಬಿಡೋದೋ ಎಂದು ಕೇಳಿದ್ದೀರಿ. ಬಿಡುವ ಮೊದಲು ತಿನ್ನುವ ರೀತಿ ಬದಲಿಸಿ ನೋಡಿ.

ರುಚಿಯೇ ಮುಖ್ಯವಾದರೆ ಅಲ್ಲೇ ಕೂತು ತಿನ್ನುವುದಕ್ಕೆ ಸಾಟಿಯಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಪ್ಯಾಟಿಯ ಹಬೆ ನೀರಾಗಿ ಬನ್ ಮೆತ್ತಗಾಗುತ್ತದೆ, ಫ್ರೈಸ್ ಅಂತೂ ಮನೆ ಮುಟ್ಟುವಷ್ಟರಲ್ಲಿ ಜೋತುಬಿದ್ದಿರುತ್ತವೆ. ಪಾರ್ಸೆಲ್ ನೀವೇ ತಂದರೆ ಮುಚ್ಚಳ ಸ್ವಲ್ಪ ತೆರೆದಿಟ್ಟು ಹಬೆ ಬಿಡಬಹುದು. ಡೆಲಿವರಿಯಲ್ಲಿ ಆ ಉಪಾಯವೂ ಇಲ್ಲ.

ಕಿರಿಕಿರಿಯ ಲೆಕ್ಕ ಇದಕ್ಕೆ ತಿರುಗಾಮುರುಗಾ. ಕೂತರೆ ನೀರಿಗೂ ಬಿಲ್ಲಿಗೂ ಕಾಯಬೇಕು. ಪಾರ್ಸೆಲ್ಲಿನಲ್ಲಿ ಎರಡು ಮಾತಿಗೆ ಮುಗಿಯುತ್ತದೆ. ಡೆಲಿವರಿಯಲ್ಲಿ ಸಿಡುಕು ಮುಖವೇ ಕಾಣುವುದಿಲ್ಲ, ಆದರೆ ಆರ್ಡರ್ ತಪ್ಪಿದ್ದು ಗೊತ್ತಾಗುವುದು ಮನೆಯಲ್ಲಿ. ಹಣ ವಾಪಸ್ ಬಂದರೂ ಹೊಟ್ಟೆ ತುಂಬದು! ಪಾರ್ಸೆಲ್ಲಾದರೆ ಕೌಂಟರಿನಲ್ಲೇ ಬಿಚ್ಚಿ ನೋಡಿ, ಸಂಕೋಚ ಬೇಡ.

ಖರ್ಚು ಡೆಲಿವರಿಗೇ ಸಾಮಾನ್ಯವಾಗಿ ಹೆಚ್ಚು.

ಒಬ್ಬರೇ, ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗುವುದಾದರೆ ಕೂತೇ ತಿನ್ನಿ. ಎಷ್ಟೋ ಕಡೆ ಒರಟುತನಕ್ಕೆ ಕಾರಣ ನೂಕುನುಗ್ಗಲು. ಮನೆ ಹತ್ತಿರವಿದ್ದರೆ ನನ್ನ ಮತ ಪಾರ್ಸೆಲ್ಲಿಗೆ. ಮಳೆ, ಸುಸ್ತು, ಮನೆ ತುಂಬ ನೆಂಟರು ಎಂದಾಗ ಡೆಲಿವರಿ. ಹಿರಿಯರನ್ನು ಕರೆದೊಯ್ಯುವುದಿದ್ದರೆ ರುಚಿ ಸಾಧಾರಣವಾದರೂ ಮರ್ಯಾದೆ ಕೊಡುವ ಬೇರೆ ಜಾಗ ನೋಡಿ.

ಅಲರ್ಜಿ ಇರುವವರ ವಿಷಯ ಬೇರೆ. ಬನ್ನಿನ ಮೇಲೆ ಎಳ್ಳು, ಮೇಯೊನೇಸಿನಲ್ಲಿ ಮೊಟ್ಟೆ ಇರಬಹುದು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡದ ಅಡುಗೆಮನೆಯಿಂದ ಈ ಮೂರು ದಾರಿಯಲ್ಲೂ ತರಿಸಬೇಡಿ.